ಸಾಲಾಗಿ ಬನ್ನಿ, ಮುಟ್ಟಬೇಡಿ

ಹೊಸ ವಿದ್ಯಾರ್ಥಿಗಳಿಗೆ ಲೈಬ್ರರಿ ತೋರಿಸುವ ಕಾರ್ಯಕ್ರಮ ಈ ವರ್ಷವೂ ಸಾಂಗವಾಗಿ ಮುಗಿಯಿತು. ನಮ್ಮ ಕನ್ನಡ ಸಂಘದ ಹೊಸಬರು ನಾಲ್ಕೈದು ಜನ ಹೋಗಿ ಬಂದರು. ಹ್ಯಾಗಿತ್ತಪ್ಪಾ ಅಂತ ಕ್ಯಾಂಟೀನಿನಲ್ಲಿ ವಿಚಾರಿಸಿದೆ. "ಏಸಿ ಚೆನ್ನಾಗಿತ್ತು" ಅಂದ ಒಬ್ಬ. ಇನ್ನೊಬ್ಬಾಕೆ ಸ್ವಲ್ಪ ಯೋಚಿಸಿ, "ಟಾಯ್ಲೆಟ್ ಎಲ್ಲದ ಅಂತ ಗೊತ್ತಾತು" ಅಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಅದು ತಮಾಷೆ ಅನ್ನಿಸಲಿಲ್ಲ. ಮುಕ್ಕಾಲು ಗಂಟೆಯ ಆ ಯಾತ್ರೆಯಲ್ಲಿ ಮುಂದೆ ಉಪಯೋಗಕ್ಕೆ ಬರುವಂಥ ಸಂಗತಿ ಒಂದೇ ಒಂದು ಸಿಕ್ಕಿದ್ದರೆ ಅದು ಅದೇ ಇರಬೇಕು.

ನಾನು ಮಾನ್ವಿ ಕಡೆಯವನು. ರಾಯಚೂರಿನಲ್ಲಿ ಡಿಗ್ರಿ ಮುಗಿಸಿ ಈ ಊರಿಗೆ ಬಂದ ಮೊದಲ ವಾರದಲ್ಲೇ ನನ್ನನ್ನೂ ಹೀಗೆ ಮೆರವಣಿಗೆ ಮಾಡಿಸಿದ್ದರು. ಯಾವ ವಿಶ್ವವಿದ್ಯಾಲಯ ಅಂತ ಹೇಳುವುದಿಲ್ಲ. ಹೈದರಾಬಾದಿನಲ್ಲಿ ವಿಶ್ವವಿದ್ಯಾಲಯಗಳಿಗೆ ಬರವಿಲ್ಲ. ನಾವು ಅರವತ್ತು ಜನ ಇದ್ದೆವು. ಬ್ಯಾಗು ಕೆಳಗಿಟ್ಟು ಹಿತ್ತಾಳೆಯ ಟೋಕನ್ ತಗೊಂಡು ಇಬ್ಬಿಬ್ಬರಂತೆ ಸಾಲು ನಿಂತೆವು. ನಮ್ಮನ್ನು ಕರೆದುಕೊಂಡು ಹೋದ ಸಹಾಯಕ ಗ್ರಂಥಪಾಲಕರು ಸಜ್ಜನರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಪಾಡು ನೋಡಿ: 'ಮೌನವಾಗಿರಿ' ಎಂಬ ಫಲಕದ ಕೆಳಗೆ ನಿಂತು ಅವರು ಭಾಷಣ ಮಾಡಬೇಕು! ಜೋರಾಗಿ ಮಾತಾಡಿದರೆ ಓದುತ್ತ ಕೂತವರು ಕಣ್ಣು ಕೆಂಪಗೆ ಮಾಡುತ್ತಾರೆ; ಮೆಲ್ಲಗೆ ಮಾತಾಡಿದರೆ ಮುಂದಿನ ಆರು ಜನಕ್ಕೆ ಬಿಟ್ಟು ಯಾರಿಗೂ ಕೇಳಿಸುವುದಿಲ್ಲ. ಅವರು ಮೆಲ್ಲಗೇ ಮಾತಾಡಿದರು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತೆಲುಗಿನಲ್ಲಿ. ಹಿಂದಿದ್ದ ನಮಗೆ ಸುದ್ದಿ ಬಾಯಿಂದ ಬಾಯಿಗೆ ಬಂತು. "ಏನಂತೆ?" "ಎರಡಂತೆ." "ಎರಡು ಏನು?" ಅರ್ಧ ಜನ ಎರಡು ಪುಸ್ತಕ ಕೊಡುತ್ತಾರೆ ಅಂದುಕೊಂಡರು, ಇನ್ನರ್ಧ ಜನ ಎರಡು ವಾರ ಕೊಡುತ್ತಾರೆ ಅಂದುಕೊಂಡರು. ನಿಜಾಂಶ ನನಗೆ ತಿಳಿದದ್ದು ದಂಡ ಕಟ್ಟಿದ ಮೇಲೆ.

ಕೌಂಟರು ನೋಡಿದೆವು. ಪರಾಮರ್ಶನ ವಿಭಾಗ ನೋಡಿದೆವು. ಪತ್ರಿಕೆಗಳ ಕೋಣೆ, ಪಿಎಚ್‌ಡಿ ಪ್ರಬಂಧಗಳ ಕೋಣೆ (ಇದರ ಎದುರು ಎಲ್ಲರೂ ಒಂದು ಕ್ಷಣ ಗಂಭೀರರಾದರು), ಕಂಪ್ಯೂಟರುಗಳ ಕೋಣೆ. ದಾರಿಯಲ್ಲಿ ಒಬ್ಬ ಹುಡುಗ ಕೈ ಚಾಚಿ ಒಂದು ಪುಸ್ತಕ ಎಳೆಯಲು ಹೋದ. "ಈಗ ಮುಟ್ಟಬೇಡಿ, ಸಾಲು ನಿಂತುಹೋಗುತ್ತೆ" ಅಂದರು. ನಾನು ಧೈರ್ಯ ಮಾಡಿ, ಕನ್ನಡ ಪುಸ್ತಕ ಎಲ್ಲಿವೆ ಸಾರ್ ಅಂತ ಕೇಳಿದೆ. "ಭಾರತೀಯ ಭಾಷೆಗಳು ಮೇಲೆ, ಆಮೇಲೆ ನೋಡೋಣ" ಅಂದರು. ಆ ಆಮೇಲೆ ಬರಲಿಲ್ಲ. ಕೊನೆಯಲ್ಲಿ ಒಂದು ಹಾಳೆ ಬಂತು. ಹೆಸರು, ರೋಲ್ ನಂಬರು, ಸಹಿ.

ಇಡೀ ಕಾರ್ಯಕ್ರಮ ಇರುವುದೇ ಆ ಹಾಳೆಗಾಗಿ ಎಂಬುದು ನನ್ನ ಗುಮಾನಿ. ಇಷ್ಟು ಜನಕ್ಕೆ ಗ್ರಂಥಾಲಯ ಪರಿಚಯ ಮಾಡಿಸಲಾಗಿದೆ ಅಂತ ವರದಿಯಲ್ಲಿ ಬರೆಯಬೇಕು. ನ್ಯಾಕ್ ಸಮಿತಿ ಬಂದಾಗ ಫೈಲು ತೆಗೆದು ತೋರಿಸಬೇಕು. ಬರೆಯಲಿ, ತೋರಿಸಲಿ, ಬೇಡ ಅನ್ನುವುದಿಲ್ಲ. ಆದರೆ ಅರವತ್ತು ಜನ ಒಂದು ಕಟ್ಟಡದೊಳಗೆ ನಡೆದು ಹೊರಬಂದದ್ದನ್ನು ಪರಿಚಯ ಅಂತ ಕರೆಯಬಾರದು. ಅದಕ್ಕೆ ನಮ್ಮಲ್ಲಿ ಬೇರೆ ಶಬ್ದವಿದೆ: ದರ್ಶನ. ಜಾತ್ರೆಯಲ್ಲಿ ಹಿಂದಿನಿಂದ ತಳ್ಳುತ್ತಾರೆ, ಮುಂದಿನಿಂದ ಎಳೆಯುತ್ತಾರೆ, ಮಧ್ಯೆ ಅರೆಕ್ಷಣ ಕಪ್ಪು ಕಲ್ಲು ಕಂಡ ಹಾಗಾಗುತ್ತದೆ, ಕೈ ಮುಗಿದು ಮುಂದೆ ಹೋಗುತ್ತೇವಲ್ಲ, ಅದು. ಕೆಲವರ ಮನೆಯಲ್ಲಿ ಮೂರು ತಲೆಮಾರಿನಿಂದ ಕಪಾಟು ತುಂಬ ಪುಸ್ತಕ. ಅವರಿಗೆ ದರ್ಶನದಿಂದ ನಷ್ಟವೇನಿಲ್ಲ. ಅವರು ನಾಳೆ ತಾವೇ ಬಂದು ತಗೋತಾರೆ. ಆದರೆ ನಮ್ಮಲ್ಲಿ ಎಷ್ಟೋ ಜನರ ಮನೆಗೆ ಮೊದಲು ಬಂದ ಪುಸ್ತಕ ಸರ್ಕಾರದ ಪಠ್ಯಪುಸ್ತಕ. ಅವರಲ್ಲಿ ಕೆಲವರ ಅಜ್ಜಂದಿರು ಊರ ಗುಡಿಯನ್ನು ಹೊಸ್ತಿಲ ಆಚೆಯಿಂದಲೇ ನೋಡಿದವರು. ಅಂಥವನಿಗೆ ಮೊದಲ ವಾರದಲ್ಲೇ 'ಸಾಲಾಗಿ ಬನ್ನಿ, ಮುಟ್ಟಬೇಡಿ' ಅಂದರೆ ಅವನು ಆ ಮಾತನ್ನು ಹ್ಯಾಗೆ ಕೇಳಿಸಿಕೊಳ್ಳುತ್ತಾನೆ? ನಿಯಮ ಅಂತ ಅಲ್ಲ, ಹಳೆಯ ಪರಿಚಿತ ಧ್ವನಿ ಅಂತ. ನನ್ನ ರೂಮ್‌ಮೇಟ್ ಒಬ್ಬ ಎರಡು ವರ್ಷ ಎಂ.ಎ. ಓದಿ ಲೈಬ್ರರಿ ಕಾರ್ಡಿನ ಮೇಲೆ ಒಂದು ಪುಸ್ತಕವನ್ನೂ ಪಡೆಯದೆ ಹೋದ. ಸೋಮಾರಿಯಲ್ಲ, ಜೆರಾಕ್ಸ್ ನೋಟ್ಸು ಬಾಯಿಪಾಠ ಮಾಡಿ ಫಸ್ಟ್ ಕ್ಲಾಸ್ ತಗೊಂಡ. ಯಾಕೋ ಹೋಗಲ್ಲ ಅಂದರೆ, "ಅಲ್ಲಿ ಏನಾರ ತಪ್ಪು ಮಾಡಿದ್ರ?" ಅನ್ನುತ್ತಿದ್ದ. ಈ ಲೇಖನ ಅವನ ಆ ಮಾತಿಗೆ ತಡವಾಗಿ ಬರೆಯುತ್ತಿರುವ ಉತ್ತರ.

ಎಸ್. ಆರ್. ರಂಗನಾಥನ್ ಅವರ ಹೆಸರನ್ನು ಗ್ರಂಥಾಲಯ ವಿಜ್ಞಾನ ಓದುವವರು ದಿನಕ್ಕೆ ಮೂರು ಸಲ ಜಪಿಸುತ್ತಾರೆ. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು, 1931ರಲ್ಲಿ ಪಂಚಸೂತ್ರಗಳನ್ನು ಪ್ರಕಟಿಸಿದವರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡವರು. ಅವರು ಕಪಾಟುಗಳಿಗೆ ಬೀಗ ಹಾಕುವುದನ್ನು ವಿರೋಧಿಸಿದರು, ಓದುಗ ತಾನೇ ಹೋಗಿ ಪುಸ್ತಕ ಎಳೆದು ನೋಡಲಿ ಅಂದರು. ಹೊಸ ಓದುಗನಿಗೆ ಲೈಬ್ರರಿಯ ದೀಕ್ಷೆ ಕೊಡುವುದನ್ನು ಗ್ರಂಥಪಾಲಕನ ಮುಖ್ಯ ಕೆಲಸಗಳಲ್ಲಿ ಎಣಿಸಿದರು. ಗಮನಿಸಿ: ದೀಕ್ಷೆ, ದರ್ಶನವಲ್ಲ. ದೀಕ್ಷೆಯಲ್ಲಿ ಕೊಡುವವನೂ ಇರಬೇಕು, ಪಡೆಯುವವನೂ ಬಾಯಿ ಬಿಡಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಬಾಡ್ಲಿಯನ್ ಲೈಬ್ರರಿ ಅಂತ ಇದೆ. ಅಲ್ಲಿ ಟೂರಿಸ್ಟರಿಗೆ ಟಿಕೆಟ್ ಇಟ್ಟು ಮಾರ್ಗದರ್ಶಿ ಸುತ್ತು ಮಾಡಿಸುತ್ತಾರೆ, ಅದು ಬೇರೆ. ಓದುಗನಾಗಿ ಸೇರುವವನು ಮಾತ್ರ ಪುಸ್ತಕ ಹಾಳು ಮಾಡೋದಿಲ್ಲ, ಒಳಗೆ ಬೆಂಕಿ ತರೋದಿಲ್ಲ ಅಂತ ಪ್ರತಿಜ್ಞೆ ಮಾಡಬೇಕು. ಅದನ್ನು ಗಟ್ಟಿಯಾಗಿ ಓದಿ ಹೇಳಿಸುವುದು ಅಲ್ಲಿನ ಹಳೆಯ ಸಂಪ್ರದಾಯ. ಓದಿದಾಗ ನಗು ಬಂತು. ಆಮೇಲೆ ಅನ್ನಿಸಿತು: ಟೂರಿಸ್ಟ್ ಬೇರೆ, ಓದುಗ ಬೇರೆ ಅಂತ ಅವರಿಗೆ ಗೊತ್ತಿದೆ. ನಾವು ನಮ್ಮ ಓದುಗರನ್ನೇ ಟೂರಿಸ್ಟ್ ಮಾಡಿ ಕಳಿಸುತ್ತಿದ್ದೇವೆ, ಅದೂ ಪುಕ್ಕಟೆಯಾಗಿ.

ಕನ್ನಡ ಪುಸ್ತಕಗಳನ್ನು ನನಗೆ ತೋರಿಸಿದ್ದು ಎರಡು ತಿಂಗಳಾದ ಮೇಲೆ, ಒಬ್ಬ ಅಟೆಂಡರ್. ಪಕ್ಕಾ ಹಳೇ ಊರಿನ ಮನುಷ್ಯ, ದಖನಿ ಬಿಟ್ಟು ಬೇರೆ ಮಾತಿಲ್ಲ. "ಕನ್ನಡಾ? ಕೈಕು ಹೋನಾ?" ಅಂದ. ಓದೋಕೆ ಅಂದೆ. "ಹೌ?" ಅಂತ ಹುಬ್ಬೇರಿಸಿ ಎದ್ದ. ಮೇಲಿನ ಮಹಡಿಯ ಕಟ್ಟಕಡೆಗೆ ಹೋಗಿ, ಒಂದು ಟ್ಯೂಬ್‌ಲೈಟ್ ಹಾಕಿ, "ಜಾತೇ ವಖತ್ ಲೈಟ್ ಬಂದ್ ಕರ್ನಾ" ಅಂತ ಹೇಳಿ ಇಳಿದುಹೋದ. ಒಟ್ಟು ಮೂರು ನಿಮಿಷ. ನನ್ನ ಜೀವನದ ಅತ್ಯುತ್ತಮ ಗ್ರಂಥಾಲಯ ಪ್ರವಾಸ ಅದು. ಅವನು ನನ್ನನ್ನು ಪುಸ್ತಕದ ಎದುರು ತಂದು ನಿಲ್ಲಿಸಿದ, ಆಮೇಲೆ ಹೋದ.

ಕಪಾಟಿನ ಮೇಲೆ 894.814 ಅಂತ ಬರೆದಿತ್ತು. ಇದೇನು ಟೆಲಿಫೋನ್ ನಂಬರಾ ಅಂತ ನೀವು ಕೇಳಬಹುದು, ನಾನೂ ಕೇಳಿಕೊಂಡೆ. ಇದು ಕನ್ನಡ ಸಾಹಿತ್ಯದ ವಿಳಾಸ. ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದ ಮಹಾಶಯ 1876ರಲ್ಲಿ ಜಗತ್ತಿನ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿದ. ಸಾಹಿತ್ಯಕ್ಕೆ 800 ಕೊಟ್ಟ. ಅದರೊಳಗೆ ಅಮೆರಿಕದವರಿಗೆ 810, ಇಂಗ್ಲಿಷರಿಗೆ 820, ಜರ್ಮನ್ನರಿಗೆ 830, ಫ್ರೆಂಚರಿಗೆ 840, ಹೀಗೆ ಹೋಗಿ ಗ್ರೀಕರಿಗೆ 880. ಉಳಿದ ಪ್ರಪಂಚಕ್ಕೆಲ್ಲ ಸೇರಿ ಒಂದೇ ಕೋಣೆ, 890. ಅದರಲ್ಲಿ ಸಂಸ್ಕೃತ 891.2, ಮರಾಠಿ 891.46. ಮುಂದಿನ 894ರ ಓಣಿಯಲ್ಲಿ ತುರ್ಕಿಯವರು, ಹಂಗೇರಿಯವರು, ಫಿನ್‌ಲೆಂಡಿನವರು, ಅವರ ಮಗ್ಗುಲಿಗೆ ದ್ರಾವಿಡರು: ತಮಿಳು .811, ಮಲಯಾಳ .812, ಕನ್ನಡ .814, ತೆಲುಗು .827. ಪಂಪನೂ ಬೇಂದ್ರೆಯೂ ದೇವನೂರ ಮಹಾದೇವರೂ ಚುಕ್ಕೆಯ ಆಚೆಗಿನ ಮೂರು ಅಂಕಿಗಳಲ್ಲಿ ಕೂತಿದ್ದಾರೆ. ಇದು ಅನ್ಯಾಯವೇ, ಅನುಮಾನವಿಲ್ಲ. ಇದರ ಬಗ್ಗೆ ಬೇಕಾದರೆ ಇನ್ನೊಂದು ಸಂಚಿಕೆಯಲ್ಲಿ ಜಗಳಾಡೋಣ. ನಾನು ಹೇಳಹೊರಟದ್ದು ಇಷ್ಟೇ. ಈ ಆರು ಅಂಕಿ ಗೊತ್ತಿದ್ದರೆ, ಡ್ಯೂಯಿ ಪದ್ಧತಿ ಪಾಲಿಸುವ ಯಾವ ಲೈಬ್ರರಿಗೆ ಹೋದರೂ, ಅದು ಸಿಕಂದರಾಬಾದಿರಲಿ ಸಿಡ್ನಿಯಿರಲಿ, ಯಾರನ್ನೂ ಕೇಳದೆ ನೀವು ಕನ್ನಡದ ಎದುರು ಹೋಗಿ ನಿಲ್ಲಬಹುದು. ಮುಕ್ಕಾಲು ಗಂಟೆಯ ಆ ಯಾತ್ರೆಯಲ್ಲಿ ಈ ಆರು ಅಂಕಿಯನ್ನು ನಮಗೆ ಯಾರೂ ಹೇಳಲಿಲ್ಲ.

ಅಲ್ಲಿಂದ ಒಂದು ಹಳೆಯ ಕಾದಂಬರಿ ಎಳೆದೆ. ಹಿಂದಿನ ಹಾಳೆಗೆ ಅಂಟಿಸಿದ ಚೀಟಿಯಲ್ಲಿ ಕೊನೆಯ ತಾರೀಖು 1987. ಒಳಗೆ ಯಾರೋ ಪೆನ್ಸಿಲಿನಿಂದ 'ಪರೀಕ್ಷೆಗೆ ಬರುತ್ತೆ' ಅಂತ ಗೆರೆ ಎಳೆದಿದ್ದರು. ಅಂತೂ ನನಗಿಂತ ಮುಂಚೆ ನನ್ನಂಥವನೇ ಒಬ್ಬ ಇಲ್ಲಿ ಕೂತಿದ್ದ.

ಹೈದರಾಬಾದಿನಲ್ಲಿ ಇಷ್ಟು ಕನ್ನಡ ಪುಸ್ತಕ ಯಾಕಿವೆ ಅನ್ನುವುದನ್ನು ಹೊಸಬರು ತಿಳಿದುಕೊಳ್ಳಬೇಕು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದಾಗ ಅಲ್ಲಿ ಬೋಧನೆಯ ಭಾಷೆ ಉರ್ದು. ಪಠ್ಯಗಳನ್ನು ಉರ್ದುವಿಗೆ ತರಲೆಂದೇ 1917ರಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಕಚೇರಿ ತೆರೆದಿದ್ದರು. ನಿಜಾಮರ ರಾಜ್ಯದಲ್ಲಿ ಜನ ಆಡುತ್ತಿದ್ದದ್ದು ಉರ್ದುವಿಗಿಂತ ಹೆಚ್ಚಾಗಿ ತೆಲುಗು, ಮರಾಠಿ, ಕನ್ನಡ. ಕಲಬುರ್ಗಿ, ರಾಯಚೂರು, ಬೀದರ ಮೂರೂ ಜಿಲ್ಲೆಯ ಹುಡುಗರು ದೊಡ್ಡ ಓದು ಓದಬೇಕೆಂದರೆ ರೈಲು ಹತ್ತಿ ಇಲ್ಲಿಗೇ ಬರಬೇಕಿತ್ತು. ಉಸ್ಮಾನಿಯಾದಲ್ಲಿ ಡಿ. ಕೆ. ಭೀಮಸೇನರಾಯರಂಥವರು ಕನ್ನಡ ಕಲಿಸಿದರು. ಕಾಚಿಗುಡದಲ್ಲಿ ಕನ್ನಡದವರು ಸಾಹಿತ್ಯ ಮಂದಿರ ಕಟ್ಟಿದರು, ನೃಪತುಂಗನ ಹೆಸರಿನಲ್ಲಿ ಶಾಲೆ ಕಟ್ಟಿದರು. (ನೃಪತುಂಗನ ಮಾನ್ಯಖೇಟ, ಅಂದ್ರೆ ಈಗಿನ ಮಳಖೇಡ, ಸೇಡಂ ಮೇಲೆ ಕಲಬುರ್ಗಿಗೆ ಹೋಗುವ ಬಸ್ಸಿನಲ್ಲಿ ದಾರಿಯಲ್ಲೇ ಸಿಗುತ್ತದೆ. ನಿದ್ದೆ ಮಾಡದೇ ಇದ್ದರೆ.) ಮೂಸಿ ದಂಡೆಯ ಅಫ್ಜಲ್‌ಗಂಜಿನಲ್ಲಿ 1891ರ ಆಸಫಿಯಾ ಲೈಬ್ರರಿ ಇದೆ, ಈಗಿನ ರಾಜ್ಯ ಕೇಂದ್ರ ಗ್ರಂಥಾಲಯ; 1936ರ ಆ ಕಟ್ಟಡದಲ್ಲೂ ಉರ್ದು, ತೆಲುಗು, ಮರಾಠಿಯ ಜೊತೆ ಕನ್ನಡವಿದೆ. ಆಮೇಲೆ 1956ರ ನವೆಂಬರ್ 1 ಬಂತು, ಮೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದವು. ಹುಡುಗರು ಧಾರವಾಡದ ಕಡೆ ಮುಖ ಮಾಡಿದರು. 1980ರಲ್ಲಿ ಕಲಬುರ್ಗಿಗೇ ವಿಶ್ವವಿದ್ಯಾಲಯ ಬಂತು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಗಳನ್ನು ಹಂಚಿದರೇ ಹೊರತು ಕಪಾಟುಗಳನ್ನು ಹಂಚಲಿಲ್ಲ. ಓದುಗರು ಆ ಕಡೆ ಹೋದರು, ಪುಸ್ತಕಗಳು ಈ ಕಡೆ ಉಳಿದವು. ಈಗ ಇಲ್ಲಿರುವ ಬೆರಳೆಣಿಕೆಯ ಕನ್ನಡ ವಿದ್ಯಾರ್ಥಿಗಳೇ ಅವುಗಳಿಗೆ ಒಡೆಯರು, ಅಥವಾ ಕಾವಲುಗಾರರು, ಏನಾದರೂ ಅನ್ನಿ.

ಒಂದು ಆಕ್ಷೇಪಣೆ ಬರುತ್ತದೆ, ನಮ್ಮ ಸಂಘದಲ್ಲೇ ಬಂತು: ಈಗ ಎಲ್ಲಾ ಫೋನಿನಲ್ಲಿ ಸಿಗುತ್ತಲ್ಲ, ಈ ಧೂಳಿಗೆ ಯಾಕೆ ಹೋಗಬೇಕು? ಮಾತು ಸುಳ್ಳಲ್ಲ. 2000ರ ದಶಕದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಉಸ್ಮಾನಿಯಾದ ಸಾವಿರಾರು ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು, ಅವುಗಳಲ್ಲಿ ಕನ್ನಡದವೂ ಬಹಳ. ಮೂಲ ತಾಣ ಆಮೇಲೆ ಮುಚ್ಚಿತು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ನಕಲುಗಳು ಉಳಿದಿವೆ. ಇವತ್ತು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತ ಕನ್ನಡಿಗ ಎಷ್ಟೋ ಹಳೆಯ ಪುಸ್ತಕವನ್ನು ತೆರೆದರೆ ಮೊದಲು ಕಾಣುವುದು ಉಸ್ಮಾನಿಯಾ ಯೂನಿವರ್ಸಿಟಿ ಲೈಬ್ರರಿಯ ಚೀಟಿ: ಕಾಲ್ ನಂಬರು, ದಾಖಲೆ ನಂಬರು, ಕೆಳಗೆ ನಮೂದಿಸಿದ ತಾರೀಖಿನೊಳಗೆ ಹಿಂದಿರುಗಿಸಬೇಕೆಂಬ ಸೂಚನೆ. ಊರು ನಮ್ಮದು, ಓದುವವರು ಎಲ್ಲೆಲ್ಲಿಯವರೋ. ನಮಗೆ ಮಾತ್ರ ಅದು ಯಾವ ಮಹಡಿಯಲ್ಲಿದೆ ಅಂತ ಗೊತ್ತಿಲ್ಲ! ಆ ಸ್ಕ್ಯಾನುಗಳ ನಡುವೆ ಅಲ್ಲಲ್ಲಿ ಒಂದು ಬಿಳಿ ಹಾಳೆ ಬರುತ್ತದೆ: ಪುಸ್ತಕ ನೆನೆದಿತ್ತು, ಬೈಂಡಿಂಗ್ ಬಿಗಿಯಾಗಿದೆ, ಪುಟಗಳಿಲ್ಲ ಎಂದು ಸ್ಕ್ಯಾನ್ ಮಾಡಿದವರು ಪ್ರಾಮಾಣಿಕವಾಗಿ ಒಪ್ಪಿಕೊಂಡ ಹಾಳೆ. ಬಿಗಿಯಾದ ಬೈಂಡಿಂಗಿನೊಳಗೆ ಸಾಲಿನ ಕೊನೆಯ ಅಕ್ಷರ ನುಂಗಿಹೋದಾಗ ಫೋನು ಏನೂ ಮಾಡಲಾರದು. ಕೈಯಲ್ಲಿ ಹಿಡಿದು ಪುಟ ಬಗ್ಗಿಸಿ ನೋಡಬೇಕು. ಇನ್ನು ಅವುಗಳ ಹೆಸರುಗಳು. ಅವು ಏರಿದ್ದೇ ರೋಮನ್ ಲಿಪಿಯಲ್ಲಿ, ತಪ್ಪುತಪ್ಪಾಗಿ. ಯಾವ ಪುಸ್ತಕ ಯಾವುದೆಂದೇ ತಿಳಿಯುತ್ತಿರಲಿಲ್ಲ. ಅವನ್ನು ಕೂತು ಕನ್ನಡ ಲಿಪಿಗೆ ತಿರುಗಿಸಿ ಹುಡುಕುವಂತೆ ಮಾಡಿದವರು 'ಸಂಚಯ'ದ ಕನ್ನಡ ಉತ್ಸಾಹಿಗಳು, ಸಂಬಳವಿಲ್ಲದೆ.

ಈ ಲಿಪಿಯ ಗೋಳು ಲೈಬ್ರರಿಯ ಕಂಪ್ಯೂಟರಿನಲ್ಲೂ ಇದೆ, ಮತ್ತು ನಮ್ಮ ಹುಡುಗರು ಸೋಲುವುದು ಮುಖ್ಯವಾಗಿ ಇಲ್ಲೇ. 'ಚೋಮನ ದುಡಿ' ಬೇಕು ಅಂತಿಟ್ಟುಕೊಳ್ಳಿ. ಸಿ, ಎಚ್ ಅಂತ ಶುರು ಮಾಡುತ್ತೀರಿ. ಸಿಕ್ಕಲಿಲ್ಲ. ಯಾಕಂದ್ರೆ ಗ್ರಂಥಾಲಯದವರು ಬಳಸುವ ಲಿಪ್ಯಂತರದಲ್ಲಿ 'ಚ'ಕ್ಕೆ ಬರೇ ಸಿ, ಎಚ್ ಇಲ್ಲ. ಕಾರಂತರ ಹೆಸರಿನ ಕೊನೆಗೆ ಒಬ್ಬರು ಎಚ್ ಹಾಕುತ್ತಾರೆ, ಒಬ್ಬರು ಎ ಹಾಕುತ್ತಾರೆ, ಒಬ್ಬರು ಎರಡೂ. ಹೆಸರುಗಳದ್ದು ಇನ್ನೂ ದೊಡ್ಡ ಪುರಾಣ. ಕುವೆಂಪು ಅಂತ ಹುಡುಕಿದರೆ ಅರ್ಧ ಸಿಗುತ್ತವೆ, ಇನ್ನರ್ಧ ಪುಟ್ಟಪ್ಪನವರ ಹತ್ತಿರ ಕೂತಿರುತ್ತವೆ. ಡಿವಿಜಿ ಬೇಕಾದರೆ ಗುಂಡಪ್ಪ ಅನ್ನಬೇಕು. ಬೇಂದ್ರೆ ಒಂದು ಕಡೆ, ಅಂಬಿಕಾತನಯದತ್ತ ಇನ್ನೊಂದು ಕಡೆ. ಶ್ರೀರಂಗರು ಆದ್ಯ ರಂಗಾಚಾರ್ಯ. ತ್ರಿವೇಣಿ ಅನಸೂಯಾ ಶಂಕರ್. ಬೀಚಿಯವರ ನಿಜವಾದ ಹೆಸರು ರಾಯಸಂ ಭೀಮಸೇನರಾವ್ ಅಂತ ಎಷ್ಟು ಜನಕ್ಕೆ ಗೊತ್ತು? ನಿಜನಾಮದ ಮೇಲೆ ಕಾರ್ಡು ಬರೆಯುವ ಶಿಸ್ತಿನ ಕ್ಯಾಟಲಾಗರ್ ಸಿಕ್ಕರೆ, ಉಸ್ಮಾನಿಯಾದ ಗಂಭೀರ ಪ್ರಾಧ್ಯಾಪಕ ಭೀಮಸೇನರಾಯರ ಮಗ್ಗುಲಿಗೇ ಬೀಚಿಯವರ ತಿಂಮ ಬಂದು ಕೂರುತ್ತಾನೆ. ಇದನ್ನೆಲ್ಲ ಹೊಸಬರಿಗೆ ಹೇಳಿಕೊಡುವವರು ಯಾರು? ಕನ್ನಡ ಬಲ್ಲವರೇ ಹೇಳಿಕೊಡಬೇಕು. ತೆಲುಗು ಬಲ್ಲ ಸಹಾಯಕ ಗ್ರಂಥಪಾಲಕರಿಂದ ಇದನ್ನು ನಿರೀಕ್ಷಿಸುವುದು ಅವರಿಗೆ ಮಾಡುವ ಅನ್ಯಾಯ.

ಆದ್ದರಿಂದ ಕಳೆದ ವರ್ಷ ನಾವೇ ಶುರು ಮಾಡಿದೆವು. ಅನುಮತಿ ಕೇಳಿದೆವು, ಶಬ್ದ ಮಾಡಬಾರದೆಂಬ ಷರತ್ತಿನ ಮೇಲೆ ಕೊಟ್ಟರು. ಮೊದಲ ಸಲ ನಾನೇ ಮುಂದಾಳು. ಎಂಟು ಜನರನ್ನು ಕರೆದುಕೊಂಡು ಹೋಗಿ ಡ್ಯೂಯಿ, ರಂಗನಾಥನ್, ನಿಜಾಮ, 1956 ಎಲ್ಲವನ್ನೂ ಪಿಸುಮಾತಿನಲ್ಲಿ ಒಂದು ಗಂಟೆ ಒದರಿದೆ. ತಿರುಗಿ ನೋಡಿದರೆ ಇಬ್ಬರು ಮಾಯ, ಒಬ್ಬ ಕಿಟಕಿಗೆ ಆತುಕೊಂಡು ಆಕಳಿಸುತ್ತಿದ್ದ. ಯಾವ ಪುಸ್ತಕವನ್ನೂ ಯಾರೂ ಮುಟ್ಟಿರಲಿಲ್ಲ. ನಾನು ಬೈದ ವ್ಯವಸ್ಥೆಯೇ ನಾನಾಗಿದ್ದೆ. ಇದನ್ನು ಮುಚ್ಚಿಟ್ಟು ಬರೆದರೆ ಈ ಲೇಖನ ಠಕ್ಕಿನದಾಗುತ್ತದೆ.

ಎರಡನೇ ಸಲ ಬುದ್ಧಿ ಬಂತು. ಕೆಳಗೆ ಟೋಕನ್ ತಗೊಳ್ಳುವಾಗಲೇ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಟ್ಟೆ. ಚೀಟಿಯಲ್ಲಿ ಒಂದು ಪುಸ್ತಕದ ಹೆಸರು, ಅಷ್ಟೇ. ಹುಡುಕಿ ತರಬೇಕು. ನಾನು ಮೇಲಿನ ಮಹಡಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ, ಯಾರಾದರೂ ಸೋತು ಬಂದರೆ ಮಾತ್ರ ಮಾತು. ನೋಡಿ ಆಗ! ಕಂಪ್ಯೂಟರಿನ ಮುಂದೆ ನೂಕುನುಗ್ಗಲು, ಸಿ ಹಾಕೋ ಎಚ್ ತೆಗಿಯೋ ಅಂತ ಪಿಸುಪಿಸು, ಒಬ್ಬ ತಮಿಳಿನ ಕಪಾಟಿನಲ್ಲಿ ಅರ್ಧ ಗಂಟೆ ಅಲೆದು ಬಂದ, ಇನ್ನೊಬ್ಬ ಹಂಗೇರಿಯ ಹೆಬ್ಬಾಗಿಲು ಮುಟ್ಟಿ ಬಂದ. ಅವತ್ತು ಮೊದಲು ಪುಸ್ತಕ ತಂದವಳು ನಾರಾಯಣಪೇಟೆಯ ಹುಡುಗಿ. ನಾರಾಯಣಪೇಟೆ ತೆಲಂಗಾಣದ್ದೇ, ಆದರೆ ಗಡಿ; ಆಕೆಯ ಮನೆಮಾತು ಕನ್ನಡ, ಓದಿದ್ದೆಲ್ಲ ತೆಲುಗಿನಲ್ಲಿ. ಕನ್ನಡ ಅಕ್ಷರ ನಿಧಾನಕ್ಕೆ ಬಿಡಿಸಿ ಓದುತ್ತಾಳೆ; ತೆಲುಗಿನ ತಲೆಕಟ್ಟು ತೆಗೆದು ಕನ್ನಡದ ತಲೆಕಟ್ಟು ಹಾಕಿಕೊಂಡರೆ ಬಹಳಷ್ಟು ಅಕ್ಷರ ಒಂದೇ ಥರ ತಾನೇ. ಕಂಪ್ಯೂಟರ್ ಗೊಡವೆಗೇ ಹೋಗದೆ ಆಕೆ ಕಪಾಟಿನ ಉದ್ದಕ್ಕೂ ಬೆನ್ನುಗಳನ್ನು ಒಂದೊಂದಾಗಿ ಓದುತ್ತಾ ನಡೆದಿದ್ದಳು. ಅವಳ ಚೀಟಿಯಲ್ಲಿದ್ದದ್ದು ಗೀತಾ ನಾಗಭೂಷಣರ 'ಬದುಕು', 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ನಿಂತಲ್ಲೇ ನಾಲ್ಕು ಪುಟ ಓದಿ ತಲೆಯೆತ್ತಿ, "ಇದು ನಮ್ಮ ಮನ್ಯಾಗಿನ ಮಾತು ಅದ. ಹಿಂಗೂ ಅಚ್ಚು ಹಾಕ್ತಾರೇನ್ರಿ?" ಅಂದಳು. ಕಲಬುರ್ಗಿ ಕಡೆಯ ಆಡುಮಾತಿನಲ್ಲೂ ಪುಸ್ತಕ ಇರಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ಒಂದು ಗಂಟೆಯ ಭಾಷಣದಲ್ಲೂ ಅದು ಇರಲಿಲ್ಲ. ಒಯ್ಯಬಹುದಾ ಅಂತ ಕೇಳಿದಳು. ಕಾರ್ಡು ತೆಗಿ ಅಂದೆ. ಕಾರ್ಡಿಗೆ ಅದೇ ಮೊದಲ ಪುಸ್ತಕ.

ಇದನ್ನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಲೈಬ್ರರಿಗಳಿಗೆ ಜಾಗ ಸಾಲುತ್ತಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಗೋದಾಮಿಗೆ ಹಾಕುವುದು, ಕೊನೆಗೆ ತೆಗೆದುಹಾಕುವುದು, ಇದು ಜಗತ್ತಿನ ಎಲ್ಲ ಗ್ರಂಥಾಲಯಗಳ ಪದ್ಧತಿ. ಕಳೆ ಕೀಳುವುದು ಅಂತಲೇ ಅದಕ್ಕೆ ಹೆಸರು. ಯಾವುದು ಕಳೆ, ಯಾವುದು ಬೆಳೆ ಅಂತ ತೀರ್ಮಾನಿಸುವಾಗ ಮೊದಲು ನೋಡುವುದು ಚೀಟಿಯ ಮೇಲಿನ ತಾರೀಖನ್ನು, ಈಗ ಕಂಪ್ಯೂಟರಿನ ಲೆಕ್ಕವನ್ನು. 1987ರಿಂದ ಯಾರೂ ಒಯ್ಯದ ಕಾದಂಬರಿ ಆ ಲೆಕ್ಕದಲ್ಲಿ ಏನಾಗುತ್ತದೆ? ಗ್ರಂಥಪಾಲಕರು ದುಷ್ಟರೇನಲ್ಲ, ಅವರಿಗೆ ಕನ್ನಡ ಓದಲು ಬರುವುದಿಲ್ಲ, ಅಂಕಿ ಓದಲು ಬರುತ್ತದೆ. ಗೋದಾಮಿಗೆ ಹೋದ ಪುಸ್ತಕವನ್ನು ನಾರಾಯಣಪೇಟೆಯ ಹುಡುಗಿ ಬೆನ್ನು ಓದುತ್ತಾ ನಡೆದು ಕಂಡುಕೊಳ್ಳಲಾರಳು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಕಥೆ ನಿಮಗೆ ಗೊತ್ತಿರಬೇಕು. ಅದೂ 1891ರದ್ದೇ, ನಮ್ಮ ಆಸಫಿಯಾದ ಓರಿಗೆಯದು. ತಂಜಾವೂರಿನ ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯ ಕಟ್ಟೊಂದು ಅಲ್ಲಿತ್ತು. ಅಲ್ಲಿ ಕೆಲಸಕ್ಕಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು, ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅದು ಅಚ್ಚಾಯಿತು. ನಮ್ಮ ಮೇಲಿನ ಮಹಡಿಯಲ್ಲಿ ಅರ್ಥಶಾಸ್ತ್ರ ಕೂತಿದೆ ಅಂತ ನಾನು ಹೇಳುತ್ತಿಲ್ಲ. ಕೂತಿದ್ದರೂ ಬಿಚ್ಚುವವರು ಬೇಕಲ್ಲ ಅಂತ ಹೇಳುತ್ತಿದ್ದೇನೆ.

ಹಾಗಾಗಿ ನನ್ನ ಅಭಿಪ್ರಾಯ ಇದು, ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಮೊದಲ ವಾರದ ಆ ಮೆರವಣಿಗೆಯನ್ನು ವಿಶ್ವವಿದ್ಯಾಲಯದವರು ಬೇಕಾದರೆ ಇಟ್ಟುಕೊಳ್ಳಲಿ, ಟಾಯ್ಲೆಟ್ ಎಲ್ಲಿದೆ ಅಂತಲಾದರೂ ತಿಳಿಯುತ್ತದೆ. ನಿಜವಾದ ಸುತ್ತು ಮೊದಲ ಸೆಮಿನಾರ್ ಪ್ರಬಂಧದ ಹೊತ್ತಿಗೆ, ಹುಡುಗನಿಗೆ ಏನೋ ಒಂದು ಬೇಕಾದಾಗ ಆಗಬೇಕು. ಎಂಟು ಜನಕ್ಕಿಂತ ಹೆಚ್ಚು ಬೇಡ. ಅವನ ಭಾಷೆಯಲ್ಲೇ ಆಗಬೇಕು: ತೆಲುಗಿನವರಿಗೆ ತೆಲುಗು, ಉರ್ದುವಿನವರಿಗೆ ಉರ್ದು, ಮರಾಠಿಯವರೂ ಇದ್ದಾರೆ, ಅವರೂ ನಮ್ಮ ಹಾಗೇ ಉಳಿದುಹೋದವರು. ಕೈಯಲ್ಲಿ ಪುಸ್ತಕ ಬರದೆ ಯಾರನ್ನೂ ಕೆಳಗಿಳಿಸಬಾರದು. ಅಟೆಂಡರುಗಳನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು; ಯಾವ ಪುಸ್ತಕ ಎಲ್ಲಿದೆ ಅಂತ ಕಂಪ್ಯೂಟರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ, ಯಾರೂ ಅವರನ್ನು ಕೇಳುವುದಿಲ್ಲ. ಮತ್ತೆ ಇನ್ನೊಂದು: ಅಲ್ಲೇ ಕೂತು ಓದುವವರು ಓದಿದ ಪುಸ್ತಕವನ್ನು ದಯವಿಟ್ಟು ತಾವೇ ಕಪಾಟಿಗೆ ಸೇರಿಸಬೇಡಿ, ಮೇಜಿನ ಮೇಲೇ ಬಿಡಿ. ಎಷ್ಟೋ ಲೈಬ್ರರಿಗಳಲ್ಲಿ ಮೇಜಿನ ಮೇಲೆ ಉಳಿದ ಪುಸ್ತಕಗಳನ್ನೂ ಎಣಿಸುತ್ತಾರೆ, ಅದೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಶಿಸ್ತಿನಿಂದ ಪುಸ್ತಕಕ್ಕೆ ನಷ್ಟ.

ಬರುವ ಶನಿವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಸುತ್ತು ಇದೆ. ಐದು ಜನ ಹೆಸರು ಕೊಟ್ಟಿದ್ದಾರೆ, ಮೂರು ಜಾಗ ಖಾಲಿ. ಚೀಟಿಗಳು ತಯಾರಿವೆ. ಲೈಬ್ರರಿ ಕಾರ್ಡು ಮರೆಯದೆ ತನ್ನಿ. ಬ್ಯಾಗು ಕೆಳಗೇ ಇಡಬೇಕು, ಟೋಕನ್ ಕಳೆದರೆ ಐವತ್ತು ರೂಪಾಯಿ ದಂಡ. ನನಗೆ ಎರಡು ಸಲ ಬಿದ್ದಿದೆ.